ಅಪ್‌ಡೇಟ್: ಜಿಪ್‌ಲೈನ್‌ಗೆ ಹೋಗಿ ಬಂದೆ

ದ್ವೀಪದ ಕಾಡಲ್ಲಿ ಜಿಪ್‌ಲೈನ್ (ಎತ್ತರದ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಕಟ್ಟಿದ ಕೇಬಲ್‌ನಲ್ಲಿ ನೇತಾಡ್ಕೊಂಡು ಜಾರೋ ಆಟ) ಇದೆ, ಏನು ಹಾಕ್ಕೊಂಡು ಹೋಗ್ಲಿ ಅಂತ ಕೇಳಿದ್ದೆನಲ್ಲ, ಅದರ ಕತೆ ಇದು.

ಮಂಡಿವರೆಗೆ ಬರೋ ಪ್ಯಾಂಟ್ ಹಾಕ್ಕೊಳ್ಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ನಮ್ಮನ್ನ ಕೇಬಲ್‌ಗೆ ತೂಗುಹಾಕೋಕೆ ಮೈಗೆ ಕಟ್ಟೋ ಹಾರ್ನೆಸ್‌ನ ಪಟ್ಟಿ ಬಿಗಿಯೋದೇ ತೊಡೆಗೆ. ಗಿಡ್ಡ ಚಡ್ಡಿ ಹಾಕಿದ್ದ ಒಬ್ಬರಿಗೆ ಚರ್ಮ ಕೆಂಪಗೆ ತರಚಿತ್ತು. ಕನ್ನಡಕಕ್ಕೆ ದಾರ, ಲೇಸ್ ಶೂ ಎರಡೂ ಸರಿ. ರೇನ್‌ಕೋಟ್ ಮಾತ್ರ ದಂಡ: ಒಳಗೆಲ್ಲ ಬೆವರು, ಮೇಲೆ ಹಾರ್ನೆಸ್ ಇರೋದ್ರಿಂದ ಬಿಚ್ಚೋಕೂ ಆಗಲ್ಲ. ಬೇಗ ಒಣಗೋ ಬಟ್ಟೆ ಸಾಕು.

ಯಾರೂ ಹೇಳದಿದ್ದದ್ದು ಒಂದಿದೆ. ತೂಕ ಕಮ್ಮಿ ಇದ್ದವರು ಆ ಕಡೆ ತಲುಪೋ ಮೊದಲೇ ಮಧ್ಯದಲ್ಲಿ ನಿಂತುಬಿಡಬಹುದು. ನಾನೂ ನಿಂತೆ! ಆಮೇಲೆ ಹಿಂದಕ್ಕೆ ತಿರುಗಿ, ಗ್ಲೌಸ್ ಹಾಕಿದ ಕೈಯಲ್ಲಿ ಕೇಬಲ್ ಹಿಡಿದು ಎಳ್ಕೊಂಡು ಎಳ್ಕೊಂಡು ಹೋಗ್ಬೇಕು. ತೋಳು ಬಿದ್ದುಹೋಯ್ತು. ಕಾಲು ಮಡಚಿ ಮುದುಡಿ ಕೂತರೆ ಗಾಳಿ ಅಷ್ಟು ತಡೆಯಲ್ಲ ಅಂತ ಗೈಡ್ ಹೇಳಿಕೊಟ್ಟ ಮೇಲೆ ಉಳಿದ ಲೈನ್‌ಗಳಲ್ಲಿ ಸೀದಾ ಕಟ್ಟೆಗೇ ತಲುಪಿದೆ.