ಅಪ್‌ಡೇಟ್: ಸಗಣಿ ಹಾಕದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕರು

ಹುಟ್ಟಿದಾಗಿನಿಂದ ಸಗಣಿಯನ್ನೇ ಹಾಕದೆ ಹೊಟ್ಟೆ ಉಬ್ಬಿಸಿಕೊಂಡಿದ್ದ ನಮ್ಮ ಕರುವಿಗೆ ಏನು ಮಾಡೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ, ಹರಳೆಣ್ಣೆ ಕುಡಿಸಿ ಅಂತ ಸುಮಾರು ಜನ ಹೇಳಿದ್ರಿ. ಕುಡಿಸಲಿಲ್ಲ, ಒಳ್ಳೇದೇ ಆಯ್ತು.

ತೀರ್ಥಹಳ್ಳಿಯಿಂದ ಡಾಕ್ಟ್ರು ಕೊಟ್ಟಿಗೆಗೇ ಬಂದ್ರು. ಗುದದ್ವಾರ ಸರಿಯಾಗೇ ಇತ್ತು. ಮೆತ್ತನೆಯ ರಬ್ಬರ್ ನಳಿಗೆಗೆ ಜೆಲ್ ಹಚ್ಚಿ ಒಳಗೆ ಬಿಟ್ಟರೆ ಸ್ವಲ್ಪ ದೂರ ಹೋಗಿ ನಿಂತೇಬಿಟ್ಟಿತು. ಹೊರಗೆ ಬಂದಿದ್ದು ಬಿಳೀ ಲೋಳೆ ಅಷ್ಟೇ, ಸಗಣಿಯ ಬಣ್ಣವೇ ಇಲ್ಲ. ದೊಡ್ಡ ಕರುಳಿನ ಒಂದು ತುಂಡು ಬೆಳೆದೇ ಇಲ್ಲ, ‘ಅಟ್ರೇಸಿಯಾ ಕೋಲೈ’ ಅಂದ್ರು. ಗುದದ್ವಾರ ಮಾತ್ರ ಮುಚ್ಚಿದ್ದರೆ ಸಣ್ಣ ಆಪರೇಷನ್ನಲ್ಲಿ ಮುಗೀತಿತ್ತಂತೆ. ಇದಕ್ಕೆ ಬಲಪಕ್ಕೆ ಕೊಯ್ದು ಕರುಳು ಜೋಡಿಸಬೇಕು, ಇಲ್ಲಾಂದ್ರೆ ಸಗಣಿ ಹೊರಗೆ ಬರೋಕೆ ಪಕ್ಕೆಯಲ್ಲೇ ದಾರಿ ಮಾಡಬೇಕು. ಆದ್ರೂ ಬದುಕೋದು ಕಷ್ಟ. ಅಮ್ಮ ಬೇಡ ಅಂದ್ರು. ಕರು ಗಿಣ್ಣುಹಾಲು ಕುಡಿಯೋದನ್ನೂ ಬಿಟ್ಟಿತ್ತು, ಉಳೀಲಿಲ್ಲ.

ಕಾರಣ ವಂಶದ್ದಿರಬಹುದು, ಗಬ್ಬ ನಿಂತ 42 ದಿನದೊಳಗೆ ಹಸುವಿನ ಗುದದಲ್ಲಿ ಕೈಹಾಕಿ ಗಬ್ಬ ತಪಾಸಣೆ ಮಾಡಿದ್ದೂ ಇರಬಹುದು ಅಂತಾರೆ. ಎರಡನೆಯದು ನಮ್ಮಲ್ಲಿ ನಡೆದಿಲ್ಲ. ಹಾಗಾಗಿ ಆ ಹೋರಿಯ ಸ್ಟ್ರಾ (ಕೃತಕ ಗರ್ಭಧಾರಣೆಗೆ ಬಳಸೋ ವೀರ್ಯದ ನಳಿಕೆ) ನಂಬರ್ ಬರೆದಿಟ್ಟಿದೀನಿ, ಮುಂದಿನ ಸಲ ಬೇರೆ ಹೋರಿಯದೇ. (ನಮ್ಮ ಮಲೆನಾಡು ಗಿಡ್ಡ ತಳಿಯ ಹಸುಗಳಲ್ಲಿ ಇಂಥದ್ದು ನಾನಂತೂ ಕಂಡಿಲ್ಲ.) ತಾಯಿ ಹಸು ಹೇಗಿದೆ ಅಂತ ಕೇಳಿದವರಿಗೆ: ಮೇವು ತಿಂತಿದೆ, ಹಾಲು ಡೇರಿಗೆ ಹಾಕ್ತಿದೀವಿ.