ಗ್ರಂಥಾಲಯದ ಸಭಾಂಗಣ ಕೇಳಿದರೆ ‘ವಿವಾದದ ವಿಷಯ, ಆಗಲ್ಲ’ ಅಂದರು. ಕಾನೂನು ಏನು ಹೇಳುತ್ತದೆ?

ಪ್ರಶ್ನೆ (ಓದುಗರ ಬಳಗದ ಸಂಚಾಲಕಿ):
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಸಾರ್ವಜನಿಕ ಗ್ರಂಥಾಲಯದ ಮಹಡಿ ಮೇಲಿನ ಸಭಾಂಗಣದಲ್ಲಿ ಮೀಸಲಾತಿ ಕುರಿತ ಪುಸ್ತಕವೊಂದರ ಬಗ್ಗೆ ಎರಡು ಗಂಟೆಯ ಚರ್ಚೆ ಇಟ್ಟುಕೊಳ್ಳಬೇಕು ಅಂತಿದ್ದೇವೆ. ಸುಮಾರು 40 ಜನ ಸೇರುತ್ತಾರೆ. ಅಲ್ಲೇ ಕವಿಗೋಷ್ಠಿ, ಯೋಗ ಶಿಬಿರ ಎಲ್ಲ ನಡೆಯುತ್ತವೆ. ನಮಗೆ ಮಾತ್ರ ‘ವಿವಾದದ ವಿಷಯ, ಗಲಾಟೆ ಆದರೆ ಯಾರು ನೋಡ್ಕೋತಾರೆ’ ಎಂದು ಬಾಯಿಮಾತಲ್ಲೇ ಹೇಳಿ ಕಳಿಸಿದರು. ಸಂವಿಧಾನದ 19ನೇ ವಿಧಿ ಇರುವಾಗ ಹೀಗೆ ಹೇಳಬಹುದೇ?

ಉತ್ತರ (ವಕೀಲರು):
ಮೇಡಂ, 19(1)(ಎ) ಮಾತಾಡುವ ಹಕ್ಕು ಕೊಡುತ್ತದೆ, 19(1)(ಬಿ) ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕು ಕೊಡುತ್ತದೆ. ಇಂಥದೇ ಕೋಣೆ ನನಗೆ ಬೇಕು ಎನ್ನುವ ಹಕ್ಕನ್ನು ಎರಡೂ ಕೊಡುವುದಿಲ್ಲ. ರೈಲ್ವೆ ಜಾಗದಲ್ಲಿ ನೌಕರರು ಸಭೆ ನಡೆಸಿದ ನಿರಂಜನ್ ಸಿಂಗ್ ಪ್ರಕರಣದಲ್ಲಿ (1969) ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಸ್ವತ್ತು ಸರ್ಕಾರದ್ದೇ ಆದರೂ ಅಲ್ಲಿ ಸಭೆ ಸೇರುವ ಹಕ್ಕು ತಾನಾಗಿ ಬರುವುದಿಲ್ಲ. ‘19ನೇ ವಿಧಿ ಪ್ರಕಾರ ಕೊಡಲೇಬೇಕು’ ಎಂದಷ್ಟೇ ಬರೆದ ಅರ್ಜಿಗಳು ಇಲ್ಲೇ ಮುಗ್ಗರಿಸುತ್ತವೆ.

ನಿಮ್ಮ ಗಟ್ಟಿ ನೆಲ 14ನೇ ವಿಧಿ, ಅಂದರೆ ಕಾನೂನಿನ ಮುಂದೆ ಸಮಾನತೆಯ ಹಕ್ಕು. ಗ್ರಂಥಾಲಯ ಆ ಸಭಾಂಗಣವನ್ನು ಯಾರಿಗೂ ಕೊಡದೆ ಬೀಗ ಹಾಕಿಟ್ಟಿದ್ದರೆ ನೀವು ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ. ಕವಿಗೋಷ್ಠಿಗೆ, ಯೋಗಕ್ಕೆ ಕೊಟ್ಟ ಮೇಲೆ ಕಥೆ ಬೇರೆ. ಸರ್ಕಾರ ತನ್ನ ಸ್ವತ್ತು, ಸವಲತ್ತುಗಳನ್ನು ಮನಸ್ಸಿಗೆ ಬಂದವರಿಗೆ ಹಂಚುವಂತಿಲ್ಲ, ಒಂದು ಅಳತೆಗೋಲು ಇರಬೇಕು ಎಂದು ರಮಣ ದಯಾರಾಮ್ ಶೆಟ್ಟಿ ಪ್ರಕರಣ (1979) ಹೇಳುತ್ತದೆ. ಅಹಮದಾಬಾದಿನ ಬೀದಿ ಸಭೆಗಳ ಕುರಿತ ಹಿಮ್ಮತ್‌ಲಾಲ್ ಶಾ ತೀರ್ಪಿನಲ್ಲೂ ಅಷ್ಟೆ. ಪೊಲೀಸ್ ಕಮಿಷನರ್‌ಗೆ ಯಾವ ಮಾರ್ಗಸೂಚಿಯೂ ಇಲ್ಲದೆ ‘ಬೇಡ’ ಅನ್ನುವ ಅಧಿಕಾರ ಕೊಟ್ಟಿದ್ದ ನಿಯಮ ಅಲ್ಲಿ ಬಿದ್ದುಹೋಯಿತು.

ಹಾಗಾಗಿ ನೀವು ಕೇಳಬೇಕಾದ್ದು ಎರಡೇ: ಹಂಚಿಕೆಯ ನಿಯಮ ಎಲ್ಲಿದೆ, ಅದರ ಯಾವ ಅಂಶವನ್ನು ನಾವು ಮೀರಿದ್ದೇವೆ?

‘ಗಲಾಟೆ ಆಗಬಹುದು’ ಎನ್ನುವುದಕ್ಕೆ ಉತ್ತರ ರಂಗರಾಜನ್ ತೀರ್ಪಿನಲ್ಲಿದೆ (1989). ಪ್ರತಿಭಟನೆ, ಹಿಂಸೆಯ ಬೆದರಿಕೆ ಇದೆ ಎಂದು ಮಾತನ್ನು ಹತ್ತಿಕ್ಕಿದರೆ ಬೆದರಿಸಿದವರಿಗೆ ಶರಣಾದಂತೆ. ಅಪಾಯ ದೂರದ ಊಹೆಯಾಗಿರಬಾರದು, ಸಿಡಿಮದ್ದಿನ ಪೀಪಾಯಿಗೆ ಕಿಡಿ ತಾಕಿದಷ್ಟು ಹತ್ತಿರದ್ದಾಗಿರಬೇಕು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಮೂರೂ ಬೇರೆ ಬೇರೆ, ಮೂರನೆಯದಕ್ಕೆ ಮುಟ್ಟಿದಾಗ ಮಾತ್ರ ನಿರ್ಬಂಧದ ಮಾತು ಎಂದು ಶ್ರೇಯಾ ಸಿಂಘಾಲ್ ತೀರ್ಪು (2015) ಸೇರಿಸಿತು. ಮಾತಿನ ಹಕ್ಕನ್ನು ನಿರ್ಬಂಧಿಸಲು 19(2)ರಲ್ಲಿ ಕೊಟ್ಟಿರುವ ಕಾರಣಗಳನ್ನು ಒಮ್ಮೆ ಓದಿ ನೋಡಿ. ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಎಲ್ಲ ಇವೆ. ‘ವಿವಾದ’ ಎಂಬ ಪದ ಅಲ್ಲಿಲ್ಲ.

ಆದರೆ ಮೇಡಂ, ಈ ತೀರ್ಪುಗಳನ್ನೆಲ್ಲ ಬಾಯಿಮಾತಿನ ನಿರಾಕರಣೆಯ ಮೇಲೆ ಪ್ರಯೋಗಿಸುವುದು ಕಷ್ಟ. ನಾಳೆ ‘ನಾವು ಬೇಡ ಅಂದೇ ಇಲ್ಲ, ಅರ್ಜಿಯೇ ಬಂದಿಲ್ಲ’ ಅನ್ನುತ್ತಾರೆ. ಹಿಂಬರಹ, ಅಂದರೆ ಅರ್ಜಿಗೆ ಕಚೇರಿಯ ಲಿಖಿತ ಉತ್ತರ ಪಡೆಯಿರಿ. ಮೊಹಿಂದರ್ ಸಿಂಗ್ ಗಿಲ್ ತೀರ್ಪಿನ ಪ್ರಕಾರ, ಆದೇಶದಲ್ಲಿ ಬರೆದ ಕಾರಣದ ಮೇಲೆಯೇ ಅಧಿಕಾರಿ ನಿಲ್ಲಬೇಕು, ಆಮೇಲೆ ಕೋರ್ಟಿನಲ್ಲಿ ಹೊಸ ಕಾರಣ ಹೊಸೆಯುವಂತಿಲ್ಲ. ಹಿಂಬರಹದಲ್ಲಿ ‘ವಿಷಯ ವಿವಾದಾತ್ಮಕವಾಗಿರುವುದರಿಂದ’ ಎಂಬ ಒಂದು ಸಾಲು ಬಂದರೂ ನಿಮ್ಮ ಅರ್ಧ ಕೆಲಸ ಆದಂತೆ.

ಉತ್ತರ (ಗ್ರಂಥಪಾಲಕರು):
ವಕೀಲರು ಹೇಳಿದ್ದು ಸರಿ. ಕಚೇರಿ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಅರ್ಜಿ ಯಾರಿಗೆ ಎನ್ನುವುದರಲ್ಲೇ ಬಹಳ ಜನ ತಪ್ಪುತ್ತಾರೆ. ಕೌಂಟರಿನಲ್ಲಿ ಕೂತವರಿಗೆ ಸಭಾಂಗಣ ಕೊಡುವ ಅಧಿಕಾರ ಇರುವುದಿಲ್ಲ, ‘ಆಗಲ್ಲ’ ಅನ್ನುವುದು ಅವರಿಗೆ ಸುಲಭದ ದಾರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳಿವೆ. ಅರ್ಜಿಯನ್ನು ನಗರ ಅಥವಾ ಜಿಲ್ಲಾ ಕೇಂದ್ರ ಗ್ರಂಥಾಲಯದ ಮುಖ್ಯಸ್ಥರ ಹೆಸರಿಗೆ ಬರೆದು, ಪ್ರತಿಯನ್ನು ಪ್ರಾಧಿಕಾರಕ್ಕೆ ಕಳಿಸಿ. ಗ್ರಾಮ ಪಂಚಾಯಿತಿ ಗ್ರಂಥಾಲಯ ಆಗಿದ್ದರೆ ಅದು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದೆ. ಅಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೇ ಕೇಳಬೇಕು.

ಅರ್ಜಿ ಒಂದು ಪುಟ ಸಾಕು. ದಿನಾಂಕ, ಬರುವ ಮತ್ತು ಖಾಲಿ ಮಾಡುವ ಸಮಯ, ಜನಸಂಖ್ಯೆ, ಪುಸ್ತಕದ ಹೆಸರು, ಮಾತಾಡುವವರ ಹೆಸರು, ಹೊಣೆ ಹೊರುವ ಇಬ್ಬರ ವಿಳಾಸ. ‘ಪ್ರವೇಶ ಉಚಿತ, ಚಂದಾ ಎತ್ತುವುದಿಲ್ಲ, ಓದುವ ಕೊಠಡಿಯನ್ನು ಬಳಸುವುದಿಲ್ಲ, ಕುರ್ಚಿಗಳನ್ನು ಇದ್ದಂತೆ ಜೋಡಿಸಿ ಹೋಗುತ್ತೇವೆ’ ಎಂಬ ಮುಚ್ಚಳಿಕೆ ಕೆಳಗಿರಲಿ. ವಿಷಯವನ್ನು ಮರೆಮಾಚಿ ‘ಸಾಹಿತ್ಯ ಕಾರ್ಯಕ್ರಮ’ ಎಂದು ಬರೆಯಬೇಡಿ. ತಪ್ಪು ಮಾಹಿತಿ ಕೊಟ್ಟರು ಎಂಬ ನ್ಯಾಯವಾದ ಕಾರಣವನ್ನು ನೀವೇ ಅವರ ಕೈಗೆ ಕೊಟ್ಟಂತಾಗುತ್ತದೆ.

ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಕಚೇರಿ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಮೂರೂ ಬಿದ್ದವೇ ನೋಡಿ. ಮೊಹರು ಇದ್ದು ಸಂಖ್ಯೆ ಇಲ್ಲದಿದ್ದರೆ ಆ ಕಾಗದ ವಹಿಗೆ ಏರಿಲ್ಲ ಎಂದೇ ತಿಳಿಯಿರಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಾಟ್ಸಾಪ್ ಸಂದೇಶವನ್ನು ಅರ್ಜಿ ಎಂದು ನಂಬಬೇಡಿ. ಅನುಮತಿ ಕೈಗೆ ಬರುವ ಮೊದಲು ಪೋಸ್ಟರ್ ಹಂಚಬೇಡಿ.

ಗ್ರಂಥಾಲಯದ ಕೆಲವು ಕಟ್ಟಳೆಗಳು ಪೂರ್ತಿ ಸರಿ, ಅವುಗಳ ಮೇಲೆ ಜಗಳ ಬೇಡ. ಪರೀಕ್ಷೆಗೆ ಓದುವವರು ಕೆಳಗೆ ಕೂತಿರುವಾಗ ಮೈಕ್ ಬೇಡ ಅನ್ನಬಹುದು. ಜನಮಿತಿ, ಸಮಯ, ಠೇವಣಿ ಗೊತ್ತುಮಾಡಬಹುದು. ಪಕ್ಷದ ಸಭೆ ಯಾರಿಗೂ ಇಲ್ಲ ಅನ್ನಬಹುದು. ‘ಯಾರಿಗೂ’ ಎನ್ನುವುದು ನಿಜವಾಗಿರಬೇಕು, ಅಷ್ಟೇ.

ಮರುಪ್ರಶ್ನೆ (ಸಂಚಾಲಕಿ):
ತುಂಬಾ ಉಪಕಾರ. ಹಿಂಬರಹ ಕೊಡದೆ ಸುಮ್ಮನಿದ್ದುಬಿಟ್ಟರೆ? ಇನ್ನೊಬ್ಬ ಸಿಬ್ಬಂದಿ ‘ಅದು ನಿಷೇಧಿತ ಪುಸ್ತಕ’ ಅಂತಲೂ ಹೇಳಿದರು.

ಉತ್ತರ (ವಕೀಲರು):
ಸುಮ್ಮನಿದ್ದರೆ ಮಾಹಿತಿ ಹಕ್ಕು ಕಾಯ್ದೆ ಹಿಡಿಯಿರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ‘ಏಕೆ ಕೊಡಲಿಲ್ಲ’ ಎಂದು ಕೇಳಿದರೆ ‘ಅದು ಮಾಹಿತಿಯಲ್ಲ’ ಎಂದು ತಳ್ಳುತ್ತಾರೆ. ದಾಖಲೆಯನ್ನೇ ಕೇಳಿ: ಸಭಾಂಗಣ ಹಂಚಿಕೆಯ ನಿಯಮದ ಪ್ರತಿ, ಕಳೆದ 12 ತಿಂಗಳಲ್ಲಿ ಕೊಟ್ಟ ಅನುಮತಿಗಳ ಪ್ರತಿ, ನಿಮ್ಮ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ. ಟಿಪ್ಪಣಿ ಹಾಳೆಯಲ್ಲಿ ಯಾರು ಏನು ಬರೆದರು ಎಂಬುದು ಸಹಿ ಸಮೇತ ಇರುತ್ತದೆ, ಹಿಂಬರಹಕ್ಕಿಂತ ಅದೇ ಹೆಚ್ಚು ಮಾತಾಡುತ್ತದೆ. ಜೊತೆಗೆ ಅದೇ ಕಾಯ್ದೆಯ 4(1)(ಡಿ) ಪ್ರಕಾರ, ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಕಚೇರಿಯ ಕರ್ತವ್ಯ. ಕಚೇರಿಗೆ ನಿಮ್ಮ ಅರ್ಜಿಯನ್ನು ನೆನಪಿಸಿ ಬರೆಯುವ ಪತ್ರದಲ್ಲಿ ಇದನ್ನು ನಮೂದಿಸಿ.

ನಿಷೇಧದ ಮಾತನ್ನು ಕೇಳಿ ಹೆದರಬೇಡಿ. ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಬೇಕಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಸೆಕ್ಷನ್ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 95) ಅಡಿ, ಕಾರಣ ಬರೆದು ಅಧಿಸೂಚನೆ ಹೊರಡಿಸಬೇಕು. ‘ಅಧಿಸೂಚನೆಯ ಸಂಖ್ಯೆ, ದಿನಾಂಕ ಕೊಡಿ’ ಎಂದು ಪತ್ರದಲ್ಲೇ ಕೇಳಿ. ಇಂಥ ಮಾತು ಹೆಚ್ಚಾಗಿ ಬರೀ ಗಾಳಿಸುದ್ದಿ. ಪುಸ್ತಕ ಆ ಗ್ರಂಥಾಲಯದ ಕಪಾಟಿನಲ್ಲೇ ಇದೆಯೇ ಎಂದೂ ನೋಡಿ. ಇದ್ದರೆ ಅದರ ಕರೆಸಂಖ್ಯೆಯನ್ನು (ಕಪಾಟಿನಲ್ಲಿ ಪುಸ್ತಕ ಹುಡುಕಲು ಅದರ ಮೇಲೆ ಬರೆದಿರುವ ಸಂಖ್ಯೆ) ಪತ್ರದಲ್ಲಿ ಹಾಕಿ.

ಕೊನೆಯ ದಾರಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಅಂದರೆ ಸರ್ಕಾರಿ ಕಚೇರಿಗೆ ನಿರ್ದೇಶನ ಕೊಡಿ ಎಂದು ಕೋರ್ಟನ್ನು ಕೇಳುವ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿ. ‘ನಮಗೆ ಸಭಾಂಗಣ ಕೊಡಿಸಿ’ ಎಂಬುದೊಂದನ್ನೇ ಕೇಳಬೇಡಿ. ‘ನಮ್ಮ ಅರ್ಜಿಯನ್ನು ಇಷ್ಟು ದಿನದೊಳಗೆ ನಿಯಮದ ಪ್ರಕಾರ ಪರಿಗಣಿಸಿ, ಕಾರಣ ಸಹಿತ ಆದೇಶ ಮಾಡಲು ನಿರ್ದೇಶಿಸಿ’ ಎಂದೂ ಪರ್ಯಾಯವಾಗಿ ಕೇಳಿ. ಅದು ಸಿಗುವ ಸಾಧ್ಯತೆ ಬಹಳ ಹೆಚ್ಚು. ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಕೋರ್ಟಿಗೆ ಓಡಿದರೆ ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ದಿನಾಂಕವೇ ಕಳೆದಿರುತ್ತದೆ. ಕನಿಷ್ಠ ಆರು ವಾರ ಮುಂಚೆ ಗ್ರಂಥಾಲಯಕ್ಕೆ ಅರ್ಜಿ ಹಾಕಿ, ಪರ್ಯಾಯವಾಗಿ ಇನ್ನೆರಡು ದಿನಾಂಕಗಳನ್ನೂ ಅದರಲ್ಲೇ ಬರೆಯಿರಿ.