ಉತ್ತರ ಕನ್ನಡಕ್ಕೆ ಬೇಕಾದದ್ದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೋ, ತಾಲ್ಲೂಕು ಆಸ್ಪತ್ರೆಗಳಿಗೆ ತಜ್ಞ ವೈದ್ಯರೋ?

ಗಂಗಾವಳಿ ತೀರ:
ಉತ್ತರ ಕನ್ನಡದ ವಿಸ್ತಾರ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. 2011ರ ಜನಗಣತಿಯಲ್ಲಿಯೇ ಇಲ್ಲಿನ ಜನಸಂಖ್ಯೆ 14 ಲಕ್ಷ ದಾಟಿತ್ತು. ಹೀಗಿದ್ದೂ ತಲೆಗೆ ಪೆಟ್ಟು ಬಿದ್ದವರನ್ನು ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ, ಘಟ್ಟದ ಮೇಲಿನವರು ಹುಬ್ಬಳ್ಳಿಗೋ ಒಯ್ಯಬೇಕಾಗಿದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡ ಮೇಲೂ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೋ ಬೇಡವೋ ಎಂದು ಚರ್ಚಿಸುವವರ ಎದೆಗಾರಿಕೆಗೆ ಏನೆನ್ನಬೇಕು?

ನಿವೃತ್ತ ವೈದ್ಯಾಧಿಕಾರಿ:
ಶಿರೂರಿನಲ್ಲಿ ನಡೆದದ್ದು ಮಳೆಯಲ್ಲಿ ತೊಯ್ದ ರಸ್ತೆಯ ಮೇಲಿನ ಅಪಘಾತ. ಅದನ್ನು ಕಟ್ಟಡದ ಬೇಡಿಕೆಗೆ ಸಾಕ್ಷಿಯಾಗಿ ನಿಲ್ಲಿಸುವುದು ನ್ಯಾಯವಲ್ಲ. ನಾನು ಕಂಡ ತಾಲ್ಲೂಕು ಆಸ್ಪತ್ರೆಯೊಂದರ ಸ್ಥಿತಿ ಹೀಗಿತ್ತು: ಶಸ್ತ್ರಚಿಕಿತ್ಸಾ ಕೊಠಡಿ ಸಜ್ಜಾಗಿದೆ, ಹೆರಿಗೆ ತಜ್ಞೆ ಕರ್ತವ್ಯದಲ್ಲಿದ್ದಾರೆ, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಇಳಿಯುತ್ತಿದೆ; ಆದರೆ ಅರಿವಳಿಕೆ ತಜ್ಞರ ಹುದ್ದೆ ಖಾಲಿ. ಆ ಹೆರಿಗೆ ತಜ್ಞೆ ಕೈಗೆತ್ತಿಕೊಳ್ಳುವುದು ಕತ್ತರಿಯನ್ನಲ್ಲ, ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದು ಬರೆಯುವ ರೆಫರ್ ಚೀಟಿಯನ್ನು. ಒಬ್ಬ ಅರಿವಳಿಕೆ ತಜ್ಞ, ಒಂದು ರಕ್ತ ಶೇಖರಣಾ ಘಟಕ, ಒಬ್ಬ ಮಕ್ಕಳ ವೈದ್ಯ ಇಷ್ಟಿದ್ದರೆ ಅರ್ಧ ಆಂಬ್ಯುಲೆನ್ಸುಗಳು ಜಿಲ್ಲೆ ದಾಟುವುದೇ ಇಲ್ಲ.

ಅಘನಾಶಿನಿ:
‘ಹುದ್ದೆ ಖಾಲಿ’ ಎಂದು ತಾವೇ ಒಪ್ಪಿಕೊಂಡಿರಿ. ಅದು ತಾನಾಗಿ ಖಾಲಿಯಾಯಿತೇ? ವೈದ್ಯಕೀಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಲೇಬೇಕೆಂದು ರಾಜ್ಯ 2012ರಲ್ಲಿಯೇ ಶಾಸನ ಮಾಡಿತು. ಅದನ್ನು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಎಳೆದಾಡಿದವರು ರೋಗಿಗಳಲ್ಲ. ತೆರಿಗೆಯ ದುಡ್ಡಿನಲ್ಲಿ ಓದಿ, ಜೋಯಿಡಾದಂಥ ಕಾಡಿನ ತಾಲ್ಲೂಕಿನ ಹೆಸರು ಕೇಳಿದೊಡನೆ ಮುಖ ತಿರುಗಿಸುವುದನ್ನು ವೃತ್ತಿಧರ್ಮ ಎನ್ನಲಾಗದು.

ಬಾಂಡ್ ಮುಗಿಸಿದವನು:
‘ತೆರಿಗೆಯ ದುಡ್ಡಿನಲ್ಲಿ ಓದಿ’ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಆ ಶಾಸನ ಖಾಸಗಿ ಕಾಲೇಜಿನಲ್ಲಿ ಸ್ವಂತ ಹಣ ಸುರಿದು ಓದಿದವರಿಗೂ ಅನ್ವಯಿಸಿತ್ತು. ನಾನು ‘ಬಾಂಡ್’ ಎನ್ನುವ ಆ ಒಂದು ವರ್ಷದ ಕಡ್ಡಾಯ ಸೇವೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಮುಗಿಸಿದ್ದೇನೆ. ಉಳಿದುಕೊಳ್ಳಲು ಕೊಟ್ಟ ವಸತಿಗೃಹದ ಹೆಂಚು ಸೋರುತ್ತಿತ್ತು, ಔಷಧಾಲಯ ನೋಡಿಕೊಳ್ಳುವವರು ರಜೆ ಹಾಕಿದರೆ ಗುಳಿಗೆ ಎಣಿಸಿಕೊಡುವುದೂ ನನ್ನದೇ ಕೆಲಸವಾಗಿತ್ತು. 2023ರ ತಿದ್ದುಪಡಿಯು ಖಾಲಿ ಹುದ್ದೆಗಳಿಗೆ ಬೇಕಾದಷ್ಟು ಮಂದಿಗೆ ಮಾತ್ರ ಈ ಸೇವೆಯನ್ನು ಸೀಮಿತಗೊಳಿಸಿತು ಎಂಬುದನ್ನು ತಾವು ಮರೆಮಾಚಿದ್ದೇಕೆ?

ಅಘನಾಶಿನಿ:
ನಾನು ಮರೆಮಾಚಿಲ್ಲ, ತಾವು ನನ್ನ ವಾದವನ್ನೇ ಗಟ್ಟಿ ಮಾಡುತ್ತಿದ್ದೀರಿ. ಪದವೀಧರರು ಹುದ್ದೆಗಳಿಗಿಂತ ಹೆಚ್ಚಾಗಿದ್ದಾರೆ ಎಂಬುದೇ ಆ ತಿದ್ದುಪಡಿಯ ಕಾರಣವಾಗಿದ್ದರೆ, ನಮ್ಮ ತಾಲ್ಲೂಕುಗಳಲ್ಲಿ ಕುರ್ಚಿಗಳು ಖಾಲಿ ಉಳಿದದ್ದಕ್ಕೆ ವಿವರಣೆ ಏನು? ಹೆಂಚು ಸೋರಿತೆಂಬ ಅಳಲು ಕೇಳಿ ಮರುಕವಾಯಿತು; ಆ ಊರಿನವರು ಹುಟ್ಟಿದಾಗಿನಿಂದ ಅಂಥ ಹೆಂಚಿನ ಕೆಳಗೇ ಇದ್ದಾರೆ.

ನಿವೃತ್ತ ವೈದ್ಯಾಧಿಕಾರಿ:
ಹೆಚ್ಚಾಗಿರುವುದು ಎಂಬಿಬಿಎಸ್ ಮುಗಿಸಿದವರು, ಕೊರತೆಯಿರುವುದು ತಜ್ಞರದ್ದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಲೆಕ್ಕ ಸರಿಹೋಗದು. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡೇ ಹೊರರೋಗಿಗಳನ್ನು ನೋಡುವ ಹುಡುಗನಿಂದ ಸಿಸೇರಿಯನ್ ಆಗುವುದಿಲ್ಲ. ಸಾಮಾನ್ಯ ವೈದ್ಯರಿಗೆ ತುರ್ತು ಹೆರಿಗೆಯ ಮಟ್ಟಿಗೆ ಅರಿವಳಿಕೆ ಕೊಡುವ ತರಬೇತಿಯೊಂದು ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಇದೆ. ಅದರ ಬಗ್ಗೆ ಇಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ.

ಬಾಂಡ್ ಮುಗಿಸಿದವನು:
‘ಹುಡುಗ’ ಎಂದು ಕರೆದದ್ದಕ್ಕೆ ಧನ್ಯವಾದಗಳು, ಸರ್. ಆ ಹುಡುಗನೇ ನಡುರಾತ್ರಿ ಹಾವು ಕಚ್ಚಿದವರಿಗೆ ಪ್ರತಿವಿಷ ಏರಿಸಿ ಬೆಳಗಿನವರೆಗೆ ಪಕ್ಕದಲ್ಲಿ ಕುಳಿತಿದ್ದ.

ಘಟ್ಟದ ಮೇಲಿನವಳು:
ಹಾವಿನ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಲ್ಕು ಜಾತಿಯ ಹಾವುಗಳಿಗೆ ಮಾತ್ರ ಸಿದ್ಧವಾದದ್ದು. ಪಶ್ಚಿಮ ಘಟ್ಟದ ಗೂನುಮೂಗಿನ ಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. 2024ರಲ್ಲಿ ಸಿದ್ದಾಪುರದ ಕಡೆ ಮಂಗನ ಕಾಯಿಲೆ ಹಬ್ಬಿದಾಗ ನಮ್ಮ ಕೈಯಲ್ಲಿ ಲಸಿಕೆಯೂ ಇರಲಿಲ್ಲ, ಹಳೆಯದನ್ನು 2022ರಲ್ಲಿಯೇ ನಿಲ್ಲಿಸಲಾಗಿತ್ತು. ಗುಡ್ಡಗಾಡಿನಲ್ಲಿ 20 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾನದಂಡ ತಲೆಗಳನ್ನು ಎಣಿಸುತ್ತದೆಯೇ ಹೊರತು ನಡುವಿನ ಹಳ್ಳ, ಕಾಡು, ಮಳೆಗಾಲದಲ್ಲಿ ಮುಳುಗುವ ಸಂಕವನ್ನು (ಕಾಲುಸೇತುವೆಯನ್ನು) ಎಣಿಸುವುದಿಲ್ಲ. ಕಡ್ಡಾಯ ಸೇವೆಯ ಜಗಳ ಬಿಟ್ಟು ಇದಕ್ಕೆ ಯಾರಾದರೂ ಉತ್ತರಿಸುವಿರಾ?

ಗಂಗಾವಳಿ ತೀರ:
‘ಲಸಿಕೆಯೂ ಇರಲಿಲ್ಲ’ ಎಂದಿರಿ. ನಾನು ಹೇಳುತ್ತಿರುವುದೂ ಅದನ್ನೇ: ಈ ಜಿಲ್ಲೆಯಲ್ಲಿ ಏನೂ ಇಲ್ಲ, ಆದ್ದರಿಂದ ದೊಡ್ಡ ಆಸ್ಪತ್ರೆ ಬೇಕು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆದ ಮೇಲೂ ಗೋವಾದ ದಾರಿ ಹಿಡಿಯುವುದು ನಿಂತಿಲ್ಲ.

ನಿವೃತ್ತ ವೈದ್ಯಾಧಿಕಾರಿ:
ಕಾಲೇಜು ಬಂದರೂ ನಿಲ್ಲಲಿಲ್ಲವೆಂದರೆ ಕಟ್ಟಡದಿಂದ ಕೆಲಸವಾಗದು ಎಂದೇ ಅರ್ಥ. ತಮ್ಮ ವಾಕ್ಯ ತಮ್ಮನ್ನೇ ತಿವಿಯುತ್ತಿದೆ. ಹೃದಯಾಘಾತದ ತುರ್ತು ಚಿಕಿತ್ಸೆಗೆಂದು ರಾಜ್ಯ ತಂದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಅದಕ್ಕೆ ಹತ್ತು ಅಂತಸ್ತಿನ ಆಸ್ಪತ್ರೆ ಬೇಕಾಗಲಿಲ್ಲ.

ಗಂಗಾವಳಿ ತೀರ:
ಚುಚ್ಚುಮದ್ದು ಕೊಟ್ಟ ಮೇಲೆ ಒಂದು ದಿನದೊಳಗೆ ಆಂಜಿಯೋಗ್ರಾಮ್ ಮಾಡಿ ಹೃದಯದ ರಕ್ತನಾಳ ಪರೀಕ್ಷಿಸಿ, ಅಗತ್ಯವಿದ್ದರೆ ಅದನ್ನು ತೆರೆದಿಡುವ ಸ್ಟೆಂಟ್ ಹಾಕಬೇಕೆಂಬುದು ತಮಗೆ ತಿಳಿಯದ್ದೇನಲ್ಲ. ಅದನ್ನು ಎಲ್ಲಿ ಹಾಕಿಸೋಣ, ರೆಫರ್ ಚೀಟಿಯ ಮೇಲೆಯೇ? 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ ದಿನಗಳಲ್ಲಿ ಆ ಹೃದಯರೋಗಿ ಯಾವ ದಾರಿಯಲ್ಲಿ ಹೋಗಬೇಕಿತ್ತು ಎಂಬುದನ್ನೂ ತಿಳಿಸಿ.

ಬಾಂಡ್ ಮುಗಿಸಿದವನು:
ಮೊದಲು ಟೋಲ್‌ಗೇಟಿನ ಶಿರೂರು, ಈಗ ಗುಡ್ಡ ಕುಸಿದ ಶಿರೂರು. ಟೋಲ್‌ಗೇಟಿನದು ಉಡುಪಿ ಜಿಲ್ಲೆಗೆ ಸೇರಿದ್ದು.

ಅಘನಾಶಿನಿ:
ಸತ್ತವರು ಯಾವ ಜಿಲ್ಲೆಯವರು ಎಂದು ಕೇಳಿ ನೋಡಿ. ಊರಿನ ಗಡಿ ತಿಳಿಸಲು ತಮಗೆ ಬಿಡುವಿದೆ, ಖಾಲಿ ಕುರ್ಚಿಗಳ ಬಗ್ಗೆ ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರವಿಲ್ಲ.

ಘಟ್ಟದ ಮೇಲಿನವಳು:
ನನ್ನ ಪ್ರಶ್ನೆಗೂ ಇಲ್ಲ. ಮುಳುಗುವ ಸಂಕದ ಆಚೆ ಇರುವವರು ಮೊದಲು ತಾಲ್ಲೂಕು ಆಸ್ಪತ್ರೆಗಾದರೂ ತಲುಪುವುದು ಹೇಗೆ?

ನಿವೃತ್ತ ವೈದ್ಯಾಧಿಕಾರಿ:
ಸಂಕ ಕಟ್ಟುವುದು ಲೋಕೋಪಯೋಗಿ ಇಲಾಖೆಗೆ ಸಂಬಂಧಿಸಿದ್ದು. ಇಲ್ಲಿ ಚರ್ಚೆಯಾಗುತ್ತಿರುವುದು ಆರೋಗ್ಯ.